ನೀರಿಗೆ ಹೋದವಳ ಚಿತ್ರ

ಜೋಳದ ಹಸಿ ಕಣಿಕೆ, ಅಂದರೆ ದಂಟು, ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಒಗರು. ಒಕ್ಕಲುತನದ ಮನೆಯವರಿಗೆಲ್ಲ ಅದು ಸುಗ್ಗಿಯ ವಾಸನೆ. ನನಗೆ ಮಾತ್ರ ಅದು ಪ್ಲೇಗಿನ ವಾಸನೆ. ಮೊನ್ನೆ ಮರಿಮಗಳ ತೊಟ್ಟಿಲ ಕಾರ್ಯಕ್ಕೆಂದು ಬೀಗರ ಊರಿಗೆ ಹೋದಾಗ ಅವರು ಹಿತ್ತಲಲ್ಲಿ ಅಡಿಗೆಗಾಗಿ ಕಣಿಕೆಯ ಚಪ್ಪರ ಹಾಕಿಸಿದ್ದರು. ಒಳಗೆ ಕಾಲಿಟ್ಟೆ, ನಿಲ್ಲಲಾಗದೆ ಕುಳಿತುಬಿಟ್ಟೆ. "ಅಜ್ಜಿಗೆ ಬಿಸಲ ಬಡದೈತಿ, ಮಜ್ಜಿಗಿ ಕೊಡ್ರಿ" ಎಂದು ಯಾರೋ ಓಡಿದರು. ಮಜ್ಜಿಗೆ ಕುಡಿದೆ. ಬಿಸಿಲು ಬಡಿದಿರಲಿಲ್ಲ ಎಂದು ಹೇಳಲಿಲ್ಲ. ಹೇಳಹೋದರೆ ಆ ವರ್ಷವನ್ನೆಲ್ಲ ಹೇಳಬೇಕಾಗುತ್ತಿತ್ತು, ತೊಟ್ಟಿಲು ಕಟ್ಟಿದ ಮನೆಯಲ್ಲಿ ಅದನ್ನು ಹೇಳುವುದು ಬೇಡವೆನಿಸಿತು. ಮನೆಗೆ ಬಂದು ಇಲ್ಲಿ ಬರೆಯುತ್ತಿದ್ದೇನೆ.

ಆಗ ನನಗೆ ಹದಿನೆಂಟೋ ಹತ್ತೊಂಬತ್ತೋ. ತವರು ಕಿತ್ತೂರು. ಅಪ್ಪ ಅಲ್ಲಿ ಕನ್ನಡ ಶಾಲೆಯ ಮಾಸ್ತರರು. ಗಂಡುಮಗನಿಲ್ಲದ ಹಳಹಳಿಗೋ ಏನೋ ನನಗೇ ಓದುಬರಹ ಕಲಿಸಿದರು. ಬೈಲಹೊಂಗಲದ ಹೊಲಮನೆ ಇದ್ದ ಮನೆತನಕ್ಕೆ ಕೊಟ್ಟರು. ನಾನು ಗಂಡನ ಮನೆಗೆ ನಡೆಯಲು ಬರುವ ದಿನ ಅಪ್ಪ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಪುಸ್ತಕ ಇಟ್ಟಿದ್ದರು. ಧಾರವಾಡದಲ್ಲಿ ಹಳೆಯ ಸಾಮಾನು ಮಾರುವವನ ಹತ್ತಿರ ಸಿಕ್ಕದ್ದು. ಸಣ್ಣ ಮಕ್ಕಳಿಗೆಂದು ವಿಲಾಯತಿಯಲ್ಲಿ ಅಚ್ಚಾದ ಬಣ್ಣದ ಚಿತ್ರಗಳ ಪುಸ್ತಕ. ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೆ ಎರಡು ಸಾಲು ಇಂಗ್ಲೀಷು. ಅದನ್ನು ಓದುವಷ್ಟು ಇಂಗ್ಲೀಷು ಅಪ್ಪನಿಗೂ ಬರುತ್ತಿರಲಿಲ್ಲ. "ನಿನ್ನ ಮಕ್ಕಳಿಗೆ ತೋರಿಸವಾ" ಎಂದಿದ್ದರು.

ಮೂರು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಪುಸ್ತಕ ಟ್ರಂಕಿನ ತಳದಲ್ಲೇ ಉಳಿಯಿತು. ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಬಸುರಿಗೆ ಮಾಡುವ ಕುಬಸದ ಕಾರ್ಯ ಯಾರದಾದರೂ ಇದ್ದರೆ ನನ್ನನ್ನು ಮನೆ ಕಾಯಲು ಬಿಟ್ಟು ತಾವೊಬ್ಬರೇ ಹೋಗುತ್ತಿದ್ದರು.

ನನಗಿದ್ದ ಒಬ್ಬಳೇ ಗೆಳತಿ ಗಂಗವ್ವ. ನಮ್ಮ ಓಣಿಯ ಕೊನೆಯ ಮನೆ, ಬಡಿಗೇರ ಮಾನಪ್ಪನ ಹೆಂಡತಿ. ಹೊಸದಾಗಿ ಬಂದ ನಾನು ನಾಚಿಕೆಯಿಂದ ಒಂದು ತಿಂಗಳು ಹೊಸ್ತಿಲು ದಾಟಿರಲಿಲ್ಲ. ಕೊನೆಗೊಂದು ದಿನ ಕೊಡ ಹಿಡಿದು ಬಾವಿಗೆ ಹೋದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ? ನೋಡೂಣು ಅಂತ ನಾನೂ ಕಾದೇ ಕಾದೆ" ಎಂದು ಎಲ್ಲರನ್ನೂ ನಗಿಸಿದಳು. ಅಂದಿನಿಂದ ಅವಳು ಬರದೆ ನಾನು ನೀರಿಗೆ ಹೋದವಳಲ್ಲ. ಅವಳಿಗೊಬ್ಬಳೇ ಮಗಳು. ಸಿರಸಂಗಿಯ ಕಾಳವ್ವ ಅವರ ಮನೆದೇವರು, ಮಗಳಿಗೂ ಕಾಳವ್ವ ಎಂದೇ ಹೆಸರು. ಆ ವರ್ಷ ಮಗುವಿಗೆ ಎರಡು ತುಂಬಿ ಮೂರರಲ್ಲಿ ನಡೆಯುತ್ತಿತ್ತು. ನನ್ನನ್ನು ಚಿಗವ್ವ ಎನ್ನುತ್ತಿತ್ತು.

ಮಹಾನವಮಿಯ ಹೊತ್ತಿಗೆ ಪೇಟೆಯ ಕಡೆ ಇಲಿ ಸತ್ತು ಬಿದ್ದವು. ಮೂರನೆಯ ದಿನ ನಮ್ಮ ಓಣಿಯಲ್ಲಿ, ಬೀಸುಕಲ್ಲಿನ ಬುಡದಲ್ಲಿ ಒಂದು. ಇಲಿ ಬಿದ್ದರೆ ಮುಂದೆ ಏನೆಂಬುದು ಹಿಂದಿನ ಸಲದ ಪ್ಲೇಗಿನಲ್ಲಿ ಎಲ್ಲರೂ ಕಂಡಿದ್ದರು. ಡಂಗುರ ಸಾರಿದರು, ನಾಲ್ಕು ದಿನದಲ್ಲಿ ಊರು ಬಿಟ್ಟು ಹೊಲಕ್ಕೆ ಹೋಗಬೇಕು. ಮುಂಗಾರಿ ಜೋಳ ಆಗಷ್ಟೇ ಕೊಯ್ದಿತ್ತು. ಆ ಹಸಿ ಕಣಿಕೆಯಿಂದಲೇ ಸವದತ್ತಿ ದಾರಿಯ ಬದಿಗಿದ್ದ ನಮ್ಮ ಹೊಲದಲ್ಲಿ ಓಣಿಯವರೆಲ್ಲ ಜೋಪಡಿ ಹಾಕಿದೆವು. ಮಾನಪ್ಪ ಹಗಲೆಲ್ಲ ಎಲ್ಲರ ಜೋಪಡಿಗೂ ಗೂಟ, ತೊಲೆ ಕೆತ್ತಿ ಕೊಟ್ಟು ತನ್ನ ಜೋಪಡಿಯನ್ನು ಎಲ್ಲರಿಗಿಂತ ಕೊನೆಗೆ ಹಾಕಿದ.

ಗಂಟುಮೂಟೆ ಬಿಚ್ಚುವಾಗ ನನ್ನ ಮಾನ ಹೋಯಿತು. ಗಡಿಬಿಡಿಯಲ್ಲಿ ರೊಟ್ಟಿಯ ಹಂಚು ಊರಲ್ಲೇ ಉಳಿದಿತ್ತು, ಪುಸ್ತಕ ಬಂದಿತ್ತು. ಅತ್ತೆ ಅದನ್ನು ಎತ್ತಿ ಇಡೀ ಹೊಲಕ್ಕೆ ತೋರಿಸಿದರು.

"ಮಂದಿ ಸೊಸ್ತೇರು ಭಾಂಡೆ ತರತಾರ, ನನ್ನ ಸೊಸಿ ಬುಕ್ಕ ತಂದಾಳ. ಬರ್ರೆವಾ ಎಲ್ಲಾರೂ, ಇವತ್ತ ಬುಕ್ಕಿನ ಮ್ಯಾಲ ರೊಟ್ಟಿ ಸುಡತೇವಿ!"

ಊರು ಬಿಟ್ಟ ಮೇಲೆ ಜನ ನಕ್ಕದ್ದು ಅದೇ ಮೊದಲು. ಆ ನಗುವಿನಲ್ಲೇ ಗಂಗವ್ವ ಪುಸ್ತಕ ಇಸಿದುಕೊಂಡು ಮಗಳ ಮುಂದೆ ಹಿಡಿದಳು. ಅದರಲ್ಲೊಂದು ಕೋಳಿ, ಹಿಂದೆ ಮರಿಗಳು. ಕಾಳವ್ವ ಬಾಯಿ ತೆರೆದು ನೋಡಿದಳು, ಆಮೇಲೆ ತನ್ನ ಕೈಯಲ್ಲಿದ್ದ ರೊಟ್ಟಿ ಮುರಿದು ಕೋಳಿಯ ಚುಂಚಿಗೆ ಒತ್ತಿದಳು.

ಹೀಗೆ ಶುರುವಾಯಿತು. ದೊಡ್ಡವರೆಲ್ಲ ಹೊಲಗೆಲಸಕ್ಕೆ ಹೋದಾಗ ನಡೆಯಲು ಬರುವ, ಆದರೆ ದುಡಿಯಲು ಬಾರದ ಎಂಟು ಕೂಸುಗಳು ಜೋಪಡಿಗಳಲ್ಲಿ ಉಳಿಯುತ್ತಿದ್ದವು. ಬಿಟ್ಟರೆ ಊರ ಕಡೆಗೆ ಹೊರಡುವ ಭಯ. ಹೊತ್ತು ಮೂರು ಮಾರು ಏರಿದ ಮೇಲೆ ನಾನು ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಅವನ್ನೆಲ್ಲ ಕೂಡ್ರಿಸಿಕೊಂಡು ಪುಸ್ತಕ ತೆರೆಯುತ್ತಿದ್ದೆ. ಕೆಳಗಿನ ಇಂಗ್ಲೀಷು ಏನು ಹೇಳುತ್ತಿತ್ತೋ, ಶಿವನೇ ಬಲ್ಲ. ಕಥೆ ನನ್ನದು. ಮೊದಲನೆಯ ಪುಟದ ಕೋಳಿ ಹಾದಿ ತಪ್ಪಿದೆ. ಎರಡನೆಯ ಪುಟದ ಕುರಿಯನ್ನು ಹಾದಿ ಕೇಳುತ್ತದೆ. ಕುರಿಗೆ ಗೊತ್ತಿಲ್ಲ, ಬುಟ್ಟಿಯಲ್ಲಿ ಮಲಗಿದ ಬೆಕ್ಕನ್ನು ಕೇಳು ಎನ್ನುತ್ತದೆ. ಕೆಂಪು ದುಂಡನೆಯ ಹಣ್ಣೊಂದಿತ್ತು. ಅದು ಯಾವ ಹಣ್ಣೋ ನಾನೂ ಕಂಡವಳಲ್ಲ, ಪೇರಲವೆಂದೆ. ಪೇರಲ ಕೆಂಪಗಿರುವುದಿಲ್ಲವೆಂದು ತಕರಾರು ಮಾಡುವ ವಯಸ್ಸಿನವರು ಯಾರೂ ಅಲ್ಲಿರಲಿಲ್ಲ. ಒಂದು ಕೂಸು ಅದನ್ನು ದಿನಾ ನೆಕ್ಕಿ ನೆಕ್ಕಿ ಬಣ್ಣ ಬಿಡಿಸಿತು.

ಸಣ್ಣ ಮಕ್ಕಳಿಗೆ ಕಥೆ ಹೇಳಿದವರಿಗೆ ಗೊತ್ತಿರುತ್ತದೆ, ಅವರಿಗೆ ಹೊಸ ಕಥೆ ಬೇಕಾಗಿಲ್ಲ. ನಿನ್ನೆಯದೇ ಬೇಕು, ನಿನ್ನೆಯ ಮಾತಿನಲ್ಲೇ ಬೇಕು. ಕುರಿ "ನನಗ ಗೊತ್ತಿಲ್ಲವಾ" ಎಂದಿದ್ದರೆ ಇವತ್ತು "ನನಗೇನ ಗೊತ್ತು" ಎನ್ನುವಂತಿಲ್ಲ. ಎಂಟೂ ಕೂಸುಗಳು ಒಟ್ಟಿಗೆ ಮುಖ ಕೆಡಿಸುತ್ತಿದ್ದವು. ಅತ್ತೆ ದೂರದಿಂದ ಜೋಳ ಕೇರುತ್ತ, "ಪುರಾಣಿಕರು ಬಂದಾರ ನೋಡ್ರೆವಾ" ಎಂದು ಕೆಣಕುತ್ತಿದ್ದರು. ಆದರೆ ಕೋಳಿ ಹಾದಿ ತಪ್ಪುವ ಹೊತ್ತಿಗೆ ಅವರ ಮೊರದ ಸಪ್ಪಳ ನಿಲ್ಲುತ್ತಿತ್ತು.

ಏಳನೆಯ ಪುಟದಲ್ಲಿ ಒಬ್ಬ ಹೆಣ್ಣುಮಗಳು ಬಾವಿಗೆ ನೀರಿಗೆ ಹೊರಟಿದ್ದಳು. ನಮಗೆ ಬೆನ್ನು ಮಾಡಿದ್ದಳು, ಮುಖ ಕಾಣುತ್ತಿರಲಿಲ್ಲ. ವಿಲಾಯತಿಯವಳೇ, ಆದರೆ ತಲೆಗೆ ಅರಿವೆ ಹೊದ್ದು, ಹಿಮ್ಮಡಿಯ ತನಕ ಉಡುಪು ತೊಟ್ಟು, ಸೊಂಟದ ಬಳಿ ಕೊಡದಂಥದ್ದೇನೋ ಹಿಡಿದಿದ್ದಳು. ಹಿಂದಿನಿಂದ ನೋಡಿದರೆ ನೀರಿಗೆ ಹೋಗುವ ಹೆಂಗಸರೆಲ್ಲ ಒಂದೇ ಥರ ಕಾಣುತ್ತಾರೆ. ಅವಳೇ ಕೋಳಿಗೆ ಹಾದಿ ತೋರಿಸುತ್ತಾಳೆ ಎಂದು ಹೇಳಿ ನಾನು ಮುಂದಿನ ಪುಟ ತಿರುವುತ್ತಿದ್ದೆ.

ಕಾರ್ತಿಕ ಮಾಸದಲ್ಲಿ ಗಂಗವ್ವನಿಗೆ ಜ್ವರ ಬಂತು. ಸಂಜೆಯ ಹೊತ್ತಿಗೆ ತೊಡೆಯ ಸಂದಿಯಲ್ಲಿ ಗಡ್ಡೆ. ಗಡ್ಡೆ ಎದ್ದವರಿಗೆಂದು ಹೊಲದ ಆ ತುದಿಗೆ ಬೇರೆಯೇ ಜೋಪಡಿ ಇತ್ತು. ಬೇನೆಯ ಜೋಪಡಿ ಎನ್ನುತ್ತಿದ್ದೆವು. ಅವಳು ತಾನೇ ಎದ್ದು, ತನ್ನ ಚಾಪೆ ತಾನೇ ಸುತ್ತಿಕೊಂಡು ಅಲ್ಲಿಗೆ ನಡೆದಳು. ನಾನು ಹಿಂದೆ ಹೋದೆ. ಅರ್ಧ ದಾರಿಯಲ್ಲಿ ತಿರುಗಿ ನಿಂತು ಕೈ ಅಡ್ಡ ಮಾಡಿದಳು.

"ಗೌರವ್ವಾ, ಅಲ್ಲೇ ನಿಂದರು. ಮುಂದ ಬಂದರ ನನ್ನ ಆಣಿ. ಕೂಸಿಗೆ ಉಣಸು, ಅಷ್ಟ ಸಾಕು."

ಮೂರನೆಯ ದಿನ ಹೊತ್ತು ಮುಳುಗುವ ಮುಂಚೆ ಹೋದಳು. ಮಾನಪ್ಪ ಮತ್ತು ಇನ್ನಿಬ್ಬರು ಅವಳನ್ನು ಮಣ್ಣಿಗೆ ಒಯ್ದರು. ಹೆಂಗಸರು ಯಾರೂ ಜೋರಾಗಿ ಅಳಲಿಲ್ಲ. ಆ ವರ್ಷ ನಮ್ಮಲ್ಲಿ ಹಾಗೊಂದು ರೂಢಿ ಬಿದ್ದುಹೋಗಿತ್ತು. ಅತ್ತರೆ ಬೇನೆ ಕೇಳಿಸಿಕೊಂಡು ಬರುತ್ತದೆ, ಕೂಸುಗಳು ಹೆದರುತ್ತವೆ ಎಂದು. ಸತ್ತರು ಎಂಬ ಮಾತನ್ನೇ ಬಾಯಿಗೆ ತರುತ್ತಿರಲಿಲ್ಲ. ಕೂಸು ಕೇಳಿದರೆ ಗಂಡಸಾದರೆ ಸಂತೆಗೆ ಹೋಗಿದ್ದಾನೆ ಎನ್ನಬೇಕು, ಹೆಂಗಸಾದರೆ ನೀರಿಗೆ ಹೋಗಿದ್ದಾಳೆ ಎನ್ನಬೇಕು. ಅತ್ತೆ ಕಾಳವ್ವನನ್ನು ಎತ್ತಿಕೊಂಡು ಅದನ್ನೇ ಹೇಳಿದರು.

"ಅವ್ವ ನೀರಿಗೆ ಹೋಗ್ಯಾಳ ನನ್ನವ್ವಾ. ಬರತಾಳ."

ಈಗ ಯೋಚಿಸಿದರೆ ನಮ್ಮ ಬುದ್ಧಿಗೆ ಏನು ಬಡಿದಿತ್ತೋ ಅನ್ನಿಸುತ್ತದೆ. ತಾಯಿ ಎಲ್ಲಿಗೆ ಹೋದರೆ ತಿರುಗಿ ಬಂದೇ ಬರುತ್ತಾಳೆಂದು ಎರಡು ವರ್ಷದ ಕೂಸಿಗೂ ಗೊತ್ತೋ, ಅದೇ ಜಾಗದ ಹೆಸರು ಹೇಳಿದೆವು.

ಕೂಸು ಎರಡು ದಿನ ಬಾಯಿಗೆ ಏನೂ ಹಾಕಲಿಲ್ಲ. ಹಾಲು ಕೊಟ್ಟರೆ ಹಲ್ಲು ಕಚ್ಚಿ ಹಿಡಿಯುತ್ತಿತ್ತು. ಮಾನಪ್ಪ ಕೂಸಿನ ಮುಂದೆ ಕುಳಿತು ತುತ್ತು ಹಿಡಿಯುತ್ತಿದ್ದ, ಅದು ಮುಖ ತಿರುವುತ್ತಿತ್ತು. ಮೂರನೆಯ ದಿನ ನಾನು ಬೇರೆ ದಾರಿ ಕಾಣದೆ ಪುಸ್ತಕ ತೆರೆದೆ. ಕೋಳಿ, ಕುರಿ, ಬೆಕ್ಕು, ಕೂಸು ನೋಡಲಿಲ್ಲ. ಏಳನೆಯ ಪುಟ ಬಂತು. ಕಾಳವ್ವ ಎದ್ದು ಬಂದು ತನ್ನ ಅಂಗೈಯನ್ನು ಆ ಹೆಣ್ಣುಮಗಳ ಬೆನ್ನ ಮೇಲೆ ಇಟ್ಟಳು.

"ಅವ್ವ" ಎಂದಳು.

ಉಳಿದ ಏಳು ಕೂಸುಗಳು ನನ್ನ ಮುಖ ನೋಡಿದವು. ಇಲ್ಲವೆಂದು ಹೇಳಲು ನನಗೆ ಆ ಗಳಿಗೆಯಲ್ಲಿ ಅವಕಾಶವಿತ್ತು. "ಹೌದವಾ, ನಿಮ್ಮವ್ವನೇ" ಎಂದೆ.

ಅವಳು ಹಾಳೆ ತಿರುವಿ ಹಿಂದಿನ ಬದಿ ನೋಡಿದಳು, ಅಲ್ಲಿ ಮುಖ ಇದ್ದೀತೆಂದು. ಅಲ್ಲಿ ನಿದ್ದೆ ಹೋದ ನಾಯಿಯಿತ್ತು. ಮತ್ತೆ ತಿರುವಿದಳು. "ಯಾಕ ಬರವಲ್ಲಳು?" ಎಂದು ಕೇಳಿದಳು.

"ಕೊಡಾ ತುಂಬಬೇಕಲ್ಲ. ತುಂಬಿದ ಮ್ಯಾಲ ಬರತಾಳ. ನೀ ಉಣ್ಣು."

ಉಂಡಳು. ಒಂದು ಇಡೀ ರೊಟ್ಟಿ ಹಾಲಿನಲ್ಲಿ ಕಲಸಿದ್ದನ್ನು ನನ್ನ ತೊಡೆಯ ಮೇಲೆ ಕುಳಿತು ಉಂಡಳು. ಅತ್ತೆ ನನ್ನನ್ನು ನೋಡಿ, ಬಂದ ಮೂರು ವರ್ಷಗಳಲ್ಲಿ ಮೊದಲ ಸಲ, "ಶಾಣ್ಯಾಕಿ ಅದಿ ಬಿಡು" ಎಂದರು. ನನಗೆ ಹೆಮ್ಮೆಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಇನ್ನೂ ನಾಚಿಕೆಯ ಮಾತೊಂದಿದೆ. ಕೂಸು ನನ್ನನ್ನು ಹಚ್ಚಿಕೊಂಡಿತು. ಬೆಳಗಾದರೆ ನನ್ನ ಜೋಪಡಿಯ ಬಾಗಿಲಿಗೆ ಬರುತ್ತಿತ್ತು, ಏಕೆಂದರೆ ಅವಳ ಅವ್ವ ನನ್ನ ಟ್ರಂಕಿನಲ್ಲಿದ್ದಳು. ಸೆರಗು ಹಿಡಿದು ನನ್ನ ಹಿಂದೆಯೇ ತಿರುಗುತ್ತಿತ್ತು. ಮೂರು ವರ್ಷ ಬರಿದಾಗಿದ್ದ ತೊಡೆ ತುಂಬಿತ್ತು. ನಿಜ ಹೇಳಿದರೆ ಕೂಸು ಮತ್ತೆ ಉಣ್ಣುವುದನ್ನು ಬಿಟ್ಟೀತೆಂದು ನಾನು ಸುಳ್ಳು ಮುಂದುವರಿಸಿದೆನೋ, ತೊಡೆಯಿಂದ ಇಳಿದು ಹೋದೀತೆಂದೋ, ಅದನ್ನು ನನಗೆ ನಾನೇ ಆಗ ಕೇಳಿಕೊಳ್ಳಲಿಲ್ಲ.

ದಿನಾ ಏಳನೆಯ ಪುಟ ಬಂದಾಗ ಅದೇ ಪ್ರಶ್ನೆ.

"ಕೊಡಾ ತುಂಬಿತೇನ ಚಿಗವ್ವಾ?"

"ಇನ್ನಾ ಇಲ್ಲವಾ."

"ಯಾಕ?"

"ಬಾವ್ಯಾಗ ನೀರ ಕಡಿಮಿ ಐತಿ. ಸೂಲ್ಪ ಸೂಲ್ಪ ತುಂಬಬೇಕು."

ಮಾನಪ್ಪ ಒಂದೆರಡು ಸಲ ಗಿಡದ ಆಚೆ ನಿಂತು ಇದನ್ನು ಕೇಳಿಸಿಕೊಂಡ. ಒಮ್ಮೆ ನನ್ನ ಹತ್ತಿರ ಬಂದು, "ತಂಗೆವ್ವಾ, ಕೂಸು ಉಣ್ಣಾಕ ಹತ್ತೇತಿ, ಆ ಪುಣ್ಯಾ ನಿಂದು. ಆದರ ಆ ಕೊಡಾ ಯಾವತ್ತರ ತುಂಬಬೇಕಲ್ಲವಾ?" ಎಂದ. ಸುಗ್ಗಿಯಾಗಲಿ, ಊರಿಗೆ ಮರಳೋಣ, ಅಷ್ಟರಲ್ಲಿ ಮರೆಯುತ್ತದೆ ಎಂದೆ. ಅವನು ತಲೆಯಾಡಿಸಿ ಹೋದ. ಮರೆಯುತ್ತದೆ ಎಂಬುದನ್ನು ಇಬ್ಬರೂ ನಂಬಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ವರ್ಷಕ್ಕೊಂದು ದಿನ ಊರವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ, ಎಂದರೆ ಅಡಿಗೆಯ ಎಡೆ, ಬೆಳೆಗೆ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವ ಹಬ್ಬ. ಆ ವರ್ಷ ಬಂಡಿ ಕಟ್ಟುವ ಕೆಲಸವಿರಲಿಲ್ಲ. ಹಿಂಗಾರಿ ಜೋಳ ತೆನೆ ಹಿರಿದು ಎದೆಯೆತ್ತರ ನಿಂತಿತ್ತು. ಎಷ್ಟೋ ಜೋಪಡಿಗಳಲ್ಲಿ ಒಬ್ಬಿಬ್ಬರು ಕಡಿಮೆಯಾಗಿದ್ದರೂ ಭೂಮಿತಾಯಿಗೆ ಮಾಡುವುದನ್ನು ಬಿಡಬಾರದೆಂದು ಹೆಂಗಸರು ಸಜ್ಜೆಯ ರೊಟ್ಟಿ, ಎಣಗಾಯಿ, ಪುಂಡಿಪಲ್ಯ ಮಾಡಿದರು. ಗಂಡಸರು ಪೂಜೆ ಮಾಡಿ ಚರಗದ ಬುಟ್ಟಿ ಹೊತ್ತು ಬೆಳೆಯೊಳಗೆ ಹೋದರು. ಯಾರೂ ಪ್ರತಿ ವರ್ಷದಂತೆ ಕೂಗು ಹಾಕಲಿಲ್ಲ. ನಾನು ಎಲೆ ಹಾಕುತ್ತ ಕೂಸುಗಳನ್ನು ಎಣಿಸಿದೆ. ಏಳಿದ್ದವು.

ಮೊದಲು ಜೋಪಡಿಗಳಲ್ಲಿ ನೋಡಿದೆವು, ಆಮೇಲೆ ಜೋಳದ ಸಾಲುಗಳಲ್ಲಿ. ಎದೆಯೆತ್ತರದ ಬೆಳೆಯಲ್ಲಿ ಮೂರು ತುಂಬದ ಕೂಸು ಕಾಣುವುದೆಲ್ಲಿ? ಗಂಡಸರು ಬುಟ್ಟಿ ಇಳಿಸಿ ಹೆಸರು ಹಿಡಿದು ಕೂಗಿದರು. ಅತ್ತೆ ಊರ ದಾರಿಗೆ ಓಡಿದರು. ನಾನು ನಮ್ಮ ಅಡಿಗೆಯ ಜಾಗಕ್ಕೆ ಬಂದು ನಿಂತೆ. ಅಲ್ಲಿ ನೀರು ಕುಡಿಯಲು ಇಟ್ಟಿದ್ದ ಸಣ್ಣ ಗಿಂಡಿ ಇರಲಿಲ್ಲ. ಆಗ ನನಗೆ ಗೊತ್ತಾಯಿತು. ಬಾವಿಯ ಕಡೆಗೆ ಓಡುವಾಗ ಉಸಿರು ಹಿಡಿದು ಒಂದೇ ಮಾತು ಅನ್ನುತ್ತಿದ್ದೆ, ನನ್ನ ನಾಲಗೆ ಸೇದಿಹೋಗಲಿ, ನನ್ನ ನಾಲಗೆ ಸೇದಿಹೋಗಲಿ ಎಂದು.

ನಮ್ಮ ಹೊಲದ ಬಾವಿಗೆ ಒಂದು ಬದಿಗೆ ಕಲ್ಲಿನ ಪಾವಟಿಗೆಗಳಿದ್ದವು. ಕೆಳಗಿನಿಂದ ಮೂರನೆಯ ಪಾವಟಿಗೆಯ ಮೇಲೆ ಕಾಳವ್ವ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹೆಂಗಸರು ಕೊಡ ಇಟ್ಟು ಇಟ್ಟು ಆ ಕಲ್ಲಿನಲ್ಲಿ ದುಂಡನೆಯ ಗುಣಿ ಬಿದ್ದಿತ್ತು. ಅವಳು ಎರಡು ಮೆಟ್ಟಿಲು ಇಳಿದು ಗಿಂಡಿಯಲ್ಲಿ ನೀರು ಮೊಗೆದು, ಹತ್ತಿ ಬಂದು, ಆ ಗುಣಿಗೆ ಹಾಕಿದ್ದಳು. ಎಷ್ಟು ಸಲ ಇಳಿದು ಹತ್ತಿದಳೋ. ಭುಜದ ತನಕ ಒದ್ದೆಯಾಗಿದ್ದಳು. ನಾನು ಕೂಗಲಿಲ್ಲ, ಕೂಗಿದರೆ ಬೆದರಿ ಜಾರಿಯಾಳೆಂದು. ಮೆಲ್ಲಗೆ ಇಳಿದು ಹೋಗಿ ರಟ್ಟೆ ಹಿಡಿದೆ. ಅವಳು ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. ತಾಯಿ ಹೋದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ.

"ಚಿಗವ್ವಾ, ತುಂಬೇತಿ!" ಎಂದಳು. "ಈಗ ಅವ್ವ ಬರತಾಳ."

ಮೇಲೆ ಒಬ್ಬೊಬ್ಬರಾಗಿ ಬಂದು ಸೇರಿದರು. ಮಾನಪ್ಪ ನಾಲ್ಕು ಪಾವಟಿಗೆ ಇಳಿದವನು ಮಗಳ ಮಾತು ಕೇಳಿ ಅಲ್ಲೇ ಕುಳಿತುಬಿಟ್ಟ. ನಾನು ಕೂಸನ್ನು ಎತ್ತಿಕೊಳ್ಳಹೋದೆ. ಕಲ್ಲು ಹಿಡಿದುಕೊಂಡು ಚೀರಿದಳು. ಕೊಡ ತುಂಬಿದೆ, ಅವ್ವ ಬರುವ ಹೊತ್ತು, ಈಗ ಹೋಗುವುದು ಹೇಗೆ? ನಾನೇ ಹೇಳಿದ ಮಾತು ಅದು. ಅದರಲ್ಲಿ ಅವಳದೇನೂ ತಪ್ಪಿರಲಿಲ್ಲ.

ಅವಳ ಪಕ್ಕದಲ್ಲಿ ಕುಳಿತೆ. ನೆರಳು ಬಾವಿಯ ಅರ್ಧಕ್ಕೆ ಬಂತು. ಅವಳು ಒಮ್ಮೆ ನೀರಿನ ಕಡೆ, ಒಮ್ಮೆ ಮೇಲೆ ದಾರಿಯ ಕಡೆ ನೋಡುತ್ತಿದ್ದಳು. ಮೇಲೆ ನಿಂತ ಜನರ ನಡುವೆ ಸೆರಗು ಹೊದ್ದ ಯಾವ ತಲೆ ಕಂಡರೂ ಅರ್ಧ ಏಳುತ್ತಿದ್ದಳು, ಮತ್ತೆ ಕುಳಿತುಕೊಳ್ಳುತ್ತಿದ್ದಳು. ಅದನ್ನು ಐದಾರು ಸಲ ನೋಡಿದೆ. ಇನ್ನೊಂದು ಸಲ ನೋಡುವ ಶಕ್ತಿ ನನಗಿರಲಿಲ್ಲ.

"ಮಾನಪ್ಪಣ್ಣಾ, ಹೇಳಲೇನ್ರಿ?" ಎಂದು ಕೇಳಿದೆ.

ಅವನು ಮುಖ ಎತ್ತಲಿಲ್ಲ. "ನಾನೇ ಹೇಳಬೇಕಾಗಿತ್ತು. ನನಗ ಬಾಯಿ ಬರವಲ್ಲದು. ನೀನೇ ಹೇಳವಾ."

ಮೇಲಿನಿಂದ ಅತ್ತೆ ಗದರಿದರು. "ಗೌರವ್ವಾ! ಹಾಲಗೂಸಿಗೆ ಸಾವಿನ ಮಾತ ಹೇಳತಾರೇನ? ಕೂಸು ಎದಿ ಒಡಕೊಂಡೀತು. ಅವ್ವ ನಾಳಿ ಬರತಾಳ ಅನ್ನು, ಎತಗೊಂಡ ಬಾ."

ಅತ್ತೆಯ ಮಾತಿಗೆ ಎದುರು ಹೇಳಿದವಳಲ್ಲ ನಾನು. ಅಂದು ಹೇಳಿದೆ. "ಇಲ್ಲರಿ ಅತ್ತೀ. ನಾಳಿ ಅಂದ್ರ ನಾಳಿ ಮತ್ತ ಬಾವಿಗೆ ಬರತೈತಿ. ಒಂದ ದಿನ ನಾವು ಎಣಸೂದು ತಪ್ಪತೇವಿ."

ನಾನು ಕೂಸಿನ ಎರಡೂ ಒದ್ದೆ ಕೈ ಹಿಡಿದುಕೊಂಡೆ.

"ಕಾಳವ್ವಾ, ನಾ ಸುಳ್ಳ ಹೇಳಿದ್ದೆ. ಅವ್ವ ನೀರಿಗೆ ಹೋಗಿಲ್ಲ. ಅವ್ವ ಸತ್ತಾಳ. ಬರೂದಿಲ್ಲ."

"ಕೊಡಾ ತುಂಬೇತಿ" ಎಂದಳು, ನನಗೆ ತಿಳಿದಿಲ್ಲವೇನೋ ಎಂಬಂತೆ.

"ತುಂಬಿದರೂ ಬರೂದಿಲ್ಲ."

"ನಾಳಿ?"

"ನಾಳಿನೂ ಬರೂದಿಲ್ಲ ನನ್ನವ್ವಾ. ಅವ್ವ ಸತ್ತಾಳ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಗಿಂಡಿಯಿಂದ ನನ್ನ ಮುಖಕ್ಕೆ ಹೊಡೆದಳು. ಹುಬ್ಬಿನ ಮೇಲೆ ಒಡೆದು ರಕ್ತ ಬಂತು. ಕಲೆ ಈಗಲೂ ಇದೆ. ಆಮೇಲೆ ಅತ್ತಳು. ನಾನೂ ಅತ್ತೆ. ಮೇಲಿದ್ದ ಹೆಂಗಸರು, ಎರಡು ತಿಂಗಳಿಂದ ಸೆರಗು ಬಾಯಿಗೆ ತುರುಕಿಕೊಂಡು ಓಡಾಡಿದವರು, ಬಾವಿಯ ದಂಡೆಯ ಮೇಲೆ ಕುಳಿತು ತಮ್ಮ ತಮ್ಮವರ ಹೆಸರು ಹಿಡಿದು ಅತ್ತರು. ಎಲ್ಲರಿಗಿಂತ ಜೋರಾಗಿ ಅತ್ತೆಯೇ ಅಳುತ್ತಿದ್ದರು. ಅವರ ತಮ್ಮ ರಾಮದುರ್ಗದಲ್ಲಿ ಅದೇ ಬೇನೆಯಲ್ಲಿ ಹೋಗಿದ್ದ ಸುದ್ದಿ ಬಂದು ಹದಿನೈದು ದಿನವಾಗಿತ್ತು. ಅವರ ಬಾಯಿಂದ ಒಂದು ದನಿ ಹೊರಟಿರಲಿಲ್ಲ. ಅಂದಿನ ಎಲೆಗಳ ಮೇಲಿನ ಊಟ ತಣ್ಣಗಾಯಿತು, ಆದರೂ ಆಮೇಲೆ ಎಲ್ಲರೂ ಕುಳಿತು ಉಂಡೆವು.

ಹೇಳಿ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಕಾಳವ್ವ ಗಿಡದ ಕೆಳಗೆ ಬಂದಳು, ನನ್ನ ತೊಡೆಯ ಮೇಲೆ ಅಲ್ಲ, ಕಂಬಳಿಯ ಆ ತುದಿಗೆ ಕುಳಿತಳು. ಏಳನೆಯ ಪುಟವನ್ನು ಕಿತ್ತುಬಿಡು ಎಂದು ಅತ್ತೆ ಹೇಳಿದ್ದರು. ನಾನು ಕೀಳಲಿಲ್ಲ. ಕಿತ್ತಿದ್ದರೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು. ಪುಟ ಬಂದಾಗ ಅವಳು ಕೇಳಿದಳು.

"ಅವ್ವ ಎಲ್ಲಿ?"

"ಇಕಿ ಬ್ಯಾರೆ ಯಾರೋ. ನಿಮ್ಮವ್ವ ಸತ್ತಾಳ. ಬರೂದಿಲ್ಲ."

ಅದರ ಮರುದಿನ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಕೋಳಿ ಹಾದಿ ತಪ್ಪಿದ್ದನ್ನು ಹೇಗೆ ದಿನಾ ಅದೇ ಮಾತಿನಲ್ಲಿ ಕೇಳುತ್ತಿದ್ದಳೋ ಹಾಗೆಯೇ ಇದನ್ನೂ ಕೇಳಿದಳು. ಒಮ್ಮೆ ಕರುಳು ತಡೆಯದೆ "ದೇವರ ಹತ್ತರ ಹೋಗ್ಯಾಳ" ಎಂದೆ. ಹುಬ್ಬು ಗಂಟಿಕ್ಕಿ, "ಹಂಗಲ್ಲ, ಸತ್ತಾಳ ಅನ್ನು" ಎಂದು ತಿದ್ದಿದಳು. ಒಂದು ಮಾತು ಆಚೀಚೆ ಆಗುವಂತಿರಲಿಲ್ಲ. ಪ್ರತಿದಿನ ಬೆಳಗ್ಗೆ ನನಗೆ ಆ ಪುಟ ಬರುವುದೇ ಬೇಡವೆನಿಸುತ್ತಿತ್ತು. ಆದರೆ ಅವಳಿಗೆ ಮಾತು ಕೊಟ್ಟಿದ್ದೆ. "ನಾಳಿ ಕೇಳು, ಮತ್ತ ಹೇಳತೇನಿ. ಎಷ್ಟ ಸಲ ಕೇಳಿದರೂ ಹೇಳತೇನಿ" ಎಂದು ಪ್ರತಿ ಸಲ ಕೊನೆಗೆ ಹೇಳಿಯೇ ಪುಟ ತಿರುವುತ್ತಿದ್ದೆ. ಜೋಳದ ಕೊಯ್ಲು ಶುರುವಾಗುವ ತನಕ, ಸುಮಾರು ಒಂದು ತಿಂಗಳು, ಹೀಗೇ ನಡೆಯಿತು. ನಡುವೆ ಒಂದು ದಿನ ಹೇಳಿ ಮುಗಿಸುವಾಗ ತೊಡೆಯ ಮೇಲೆ ಭಾರವಾಯಿತು. ನೋಡಿದರೆ ಅವಳು ಬಂದು ಕುಳಿತಿದ್ದಳು.

ಬಿಸಿಲು ಏರುತ್ತಲೇ ಬೇನೆ ಇಳಿಯಿತು. ಊರಲ್ಲಿ ಮನೆಗಳಿಗೆ ಸುಣ್ಣ ಬಳಿದು, ಗಂಧಕದ ಹೊಗೆ ಹಾಕಿ, ಹೋಳಿಯ ಮುಂಚೆ ಮರಳಬಹುದೆಂದರು. ಸಿರಸಂಗಿಯಿಂದ ಗಂಗವ್ವನ ತಾಯಿ ಬಂಡಿಯಲ್ಲಿ ಬಂದಳು. ತಾಯಿಯಿಲ್ಲದ ಕೂಸು ಅಲ್ಲಿಯೇ ಬೆಳೆಯಲಿ ಎಂದು ಮಾನಪ್ಪನೂ ಒಪ್ಪಿದ. ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ಮುಂದೆ ನನಗೇ ಮೂರು ಮಕ್ಕಳಾದರು, ಆದರೂ ಆ ಬಂಡಿಯನ್ನು ಮರೆತಿಲ್ಲ.

ಅವಳು ಹೋಗುವ ಹಿಂದಿನ ದಿನ ಪಕ್ಕದ ಹೊಲದ ಜೋಪಡಿಗಳಿಂದ ಒಬ್ಬ ಹೆಂಗಸು ತನ್ನ ಕೂಸನ್ನು ನಮ್ಮ ಗಿಡದ ಕೆಳಗೆ ತಂದು ಬಿಟ್ಟಳು. ನೀಲಿ ಎಂದು ಹೆಸರು, ಕಾಳವ್ವನಿಗಿಂತ ತುಸು ಸಣ್ಣವಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕಂಬಳಿಯ ಮೇಲೆ ಪುಸ್ತಕ ತೆರೆದಿತ್ತು, ಆದರೆ ನೀಲಿ ಅದಕ್ಕೆ ಬೆನ್ನು ಮಾಡಿ ಸವದತ್ತಿಯ ದಾರಿ ನೋಡುತ್ತ ನಿಂತಿದ್ದಳು.

"ಇಲ್ಲಿ ಬಾ, ಕುಂದ್ರು" ಎಂದಳು ಕಾಳವ್ವ.

"ನಮ್ಮಪ್ಪ ಸಂತಿಗೆ ಹೋಗ್ಯಾನ. ಬರತಾನ" ಎಂದಳು ನೀಲಿ.

ನೋಡುತ್ತಿದ್ದ ಅತ್ತೆಯ ಕೈಯಲ್ಲಿ ಮೊರ ನಿಂತಿತು. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅಷ್ಟರಲ್ಲಿ ಕಾಳವ್ವ ಎದ್ದು ಹೋಗಿ ಆ ಕೂಸಿನ ಎರಡೂ ಕೈ ಹಿಡಿದುಕೊಂಡಿದ್ದಳು.

"ನಿಮ್ಮಪ್ಪ ಸತ್ತಾನ. ಬರೂದಿಲ್ಲ" ಎಂದಳು.

ನೀಲಿ ಅಳತೊಡಗಿದಳು. ಕಾಳವ್ವ ಕೈ ಬಿಡಲಿಲ್ಲ. ಅವಳನ್ನು ಕಂಬಳಿಗೆ ಕರೆತಂದು, ಕಾಲು ಚಾಚಿ ಕುಳಿತು, ಹೆಚ್ಚುಕಡಿಮೆ ತನ್ನಷ್ಟೇ ದೊಡ್ಡದಾದ ಆ ಕೂಸನ್ನು ಎಳೆದು ತನ್ನ ತೊಡೆಯ ಮೇಲೆ ಕೂಡ್ರಿಸಿಕೊಂಡಳು.

"ನಾಳಿ ಕೇಳು, ಮತ್ತ ಹೇಳತೇನಿ" ಎಂದು ಹೇಳಿ, ಕೋಳಿಯ ಪುಟ ತೆಗೆದಳು.